ರಾತ್ರಿಯ ವಾಡೆಗೆ ವಾರಸುದಾರರು ಯಾರು?

ಇಂಗ್ಲೆಂಡಿನ ಹಳೆಯ ಜಮೀನ್ದಾರರ ಹಳ್ಳಿಬಂಗಲೆಗಳಲ್ಲಿ ಒಂದು ರಾತ್ರಿ ಕಳೆದು ದೆವ್ವ ಹುಡುಕುವುದು ಇಂದು ಅಲ್ಲಿ ವ್ಯವಸ್ಥಿತ ವ್ಯಾಪಾರವಾಗಿದೆ. ಶುಲ್ಕ ತೆತ್ತವರನ್ನು ಕತ್ತಲಾದ ಮೇಲೆ ಒಳಗೆ ಬಿಡುತ್ತಾರೆ. ಕೈಗೆ ಟಾರ್ಚು ಹಾಗೂ ವಿದ್ಯುತ್ಕಾಂತೀಯ ಕ್ಷೇತ್ರವನ್ನು ಅಳೆಯುವ ಪುಟ್ಟ ಯಂತ್ರ ಕೊಡುತ್ತಾರೆ. ಬೆಳಗಿನ ಜಾವ ಎಲ್ಲರೂ ಕ್ಷೇಮವಾಗಿ ಮನೆಗೆ ಮರಳುತ್ತಾರೆ. 2002ರಲ್ಲಿ ಆರಂಭವಾದ ‘ಮೋಸ್ಟ್ ಹಾಂಟೆಡ್’ ಎಂಬ ಟಿ.ವಿ. ಕಾರ್ಯಕ್ರಮವು ಈ ಹವ್ಯಾಸವನ್ನು ಮನೆಮಾತಾಗಿಸಿತು. ಅದರ ಅನುಕರಣೆ ನಮ್ಮಲ್ಲಿಗೂ ಬಂದಿದ್ದು, ಪಾಳುಬಿದ್ದ ಕಟ್ಟಡಗಳಲ್ಲಿ ಕ್ಯಾಮೆರಾ ಹಿಡಿದು ರಾತ್ರಿ ಕಳೆಯುವ ಯುವಕರ ವಿಡಿಯೊಗಳಿಗೆ ಕನ್ನಡದಲ್ಲೂ ನೋಡುಗರಿದ್ದಾರೆ. ಹೀಗಿರುವಾಗ, ಕೋಟೆ, ವಾಡೆ, ಹಾಳುಗುಡಿಗಳಿಂದ ತುಂಬಿರುವ ಕೊಪ್ಪಳ ಸೀಮೆಯಲ್ಲೂ ಇಂತಹ ‘ದೆವ್ವದ ಪ್ರವಾಸ’ ನಡೆಸಿದರೆ ನಾಲ್ಕು ಕಾಸು ಬಾರದೇ ಎಂದು ಕೇಳುವವರು ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ.

ಪ್ರಶ್ನೆಯನ್ನು ಹಾಸ್ಯಕ್ಕೆ ತಳ್ಳಬೇಕಾಗಿಲ್ಲ. ಆದರೆ ಉತ್ತರಿಸುವ ಮುನ್ನ ಇಂಗ್ಲೆಂಡಿನ ಅನುಭವವನ್ನೂ ನಮ್ಮ ನೆಲದ ಸ್ಥಿತಿಯನ್ನೂ ಒಟ್ಟಿಗೆ ಇಟ್ಟು ನೋಡುವುದು ಲೇಸು.

ಇಂಗ್ಲಿಷರ ದೆವ್ವದ ಬೇಟೆಗೆ ಒಂದು ಇತಿಹಾಸವಿದೆ. ಇಂತಹ ಸಂಗತಿಗಳ ವಿಚಾರಣೆಗೆಂದೇ 1882ರಲ್ಲಿ ಲಂಡನ್ನಿನಲ್ಲಿ ‘ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್’ ಸ್ಥಾಪನೆಯಾಯಿತು. 1937ರಲ್ಲಿ ಹ್ಯಾರಿ ಪ್ರೈಸ್ ಎಂಬಾತ ಎಸೆಕ್ಸ್ ಪ್ರಾಂತದ ಬೋರ್ಲಿ ಎಂಬಲ್ಲಿನ ಪಾದ್ರಿ ನಿವಾಸವನ್ನು ಒಂದು ವರ್ಷದ ಬಾಡಿಗೆಗೆ ಹಿಡಿದು, ಪತ್ರಿಕಾ ಜಾಹೀರಾತಿನ ಮೂಲಕ ಸ್ವಯಂಸೇವಕರನ್ನು ಕರೆಸಿ, ಸರದಿಯಂತೆ ರಾತ್ರಿಪಹರೆಗೆ ಕೂರಿಸಿದ. ಅದು ‘ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ದೆವ್ವಗಳಿರುವ ಮನೆ’ ಎಂದು ಲೋಕಪ್ರಸಿದ್ಧವಾಯಿತು. ಮನೆ 1939ರಲ್ಲಿ ಬೆಂಕಿಗೆ ಆಹುತಿಯಾಯಿತು; ಪ್ರೈಸ್ 1948ರಲ್ಲಿ ತೀರಿಕೊಂಡ. 1956ರಲ್ಲಿ ಅದೇ ಸೊಸೈಟಿಯ ಮೂವರು ಸದಸ್ಯರು ಪ್ರಕಟಿಸಿದ ವರದಿಯು ಆತನ ದಾಖಲೆಗಳ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿತು. 1998ರಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರು, ತಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ‘ದೆವ್ವ’ವು ಒಂದು ಫ್ಯಾನಿನಿಂದ ಹೊಮ್ಮುತ್ತಿದ್ದ, ಕಿವಿಗೆ ಕೇಳದಷ್ಟು ಮಂದ್ರವಾದ ಸುಮಾರು 19 ಹರ್ಟ್ಸ್ ಕಂಪನದ ಪರಿಣಾಮವೆಂದು ವಿವರಿಸಿದರು. ಲೆಸ್ಟರಿನ ಬೆಲ್‌ಗ್ರೇವ್ ಹಾಲ್ ಎಂಬ ಬಂಗಲೆಯ ಭದ್ರತಾ ಕ್ಯಾಮೆರಾದಲ್ಲಿ ಅದೇ ವರ್ಷದ ಕೊನೆಗೆ ಮೂಡಿ ಸುದ್ದಿಯಾದ ಬಿಳಿ ಆಕೃತಿಯು, ಕ್ಯಾಮೆರಾದ ಮುಂದೆ ಉದುರಿದ ಎಲೆಯೆಂಬ ತೀರ್ಮಾನಕ್ಕೆ ತನಿಖೆ ಮಾಡಿದವರು ಬಂದರು. ಅಲ್ಲಿ ದೆವ್ವವನ್ನು ಹುಡುಕುವವರೂ ಇದ್ದಾರೆ, ಹುಡುಕಿದವರ ಲೆಕ್ಕ ಕೇಳುವವರೂ ಇದ್ದಾರೆ. ಈ ಎರಡನೆಯ ವರ್ಗವು ನಮ್ಮಲ್ಲಿ ವಿರಳ.

ಇನ್ನೊಂದು ಮುಖ್ಯ ವ್ಯತ್ಯಾಸ ಆರ್ಥಿಕವಾದದ್ದು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಭೂಮಾಲೀಕರ ಮನೆತನಗಳನ್ನು ಮರಣೋತ್ತರ ತೆರಿಗೆ, ಕುಸಿದ ಭೂ ಆದಾಯ ಹಾಗೂ ಮಹಾಯುದ್ಧಗಳು ಹಣ್ಣು ಮಾಡಿದವು. ನೂರಾರು ಬಂಗಲೆಗಳು ನೆಲಸಮವಾದವು. ಉಳಿದವುಗಳಲ್ಲಿ ಹಲವನ್ನು 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ವಹಿಸಿಕೊಂಡಿತು. 1937ರ ಕಾಯ್ದೆಯೊಂದು ಈ ಹಸ್ತಾಂತರವನ್ನು ಸುಗಮಗೊಳಿಸಿತು. ಖಾಸಗಿಯಾಗಿ ಉಳಿದವು ಟಿಕೆಟ್ಟು, ಮದುವೆ, ಸಿನಿಮಾ ಚಿತ್ರೀಕರಣ ಮುಂತಾದ ದಾರಿ ಹಿಡಿದವು. ದೆವ್ವದ ರಾತ್ರಿಯೂ ಆ ಆದಾಯದ ಒಂದು ಬಾಬ್ತು. ಎಂದರೆ, ಅಲ್ಲಿ ಮೊದಲು ಕಟ್ಟಡಕ್ಕೊಬ್ಬ ಯಜಮಾನ ನಿಶ್ಚಯವಾದ. ಅನಂತರ ದೆವ್ವ ಬಾಡಿಗೆದಾರನಾಗಿ ಬಂದಿತು. ನಮ್ಮಲ್ಲಿ ಯಜಮಾನ ಹೊರಟುಹೋದ ಮೇಲೆ ದೆವ್ವ ತಾನೇ ಯಜಮಾನನಾಗುತ್ತದೆ.

ನಮ್ಮ ಸೀಮೆಯ ವಾಡೆಗಳ ಕಥೆ ಇದನ್ನೇ ಹೇಳುತ್ತದೆ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದ ಜಹಗೀರುಗಳು 1949ರ ರದ್ದತಿ ಶಾಸನದೊಂದಿಗೆ ಮುಗಿದವು. 1974ರ ಭೂಸುಧಾರಣೆಯು ಉಳಿದ ದೊಡ್ಡ ಹಿಡುವಳಿಗಳನ್ನು ಗೇಣಿದಾರರಿಗೆ ಒಪ್ಪಿಸಿತು. ಇವೆರಡೂ ನ್ಯಾಯವಾದ ಕ್ರಮಗಳೇ ಆಗಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಭೂಮಿಯ ಹುಟ್ಟುವಳಿಯಿಂದ ನಡೆಯುತ್ತಿದ್ದ ವಾಡೆಗಳ ಗತಿಯೇನೆಂದು ಯಾರೂ ಯೋಚಿಸಲಿಲ್ಲ. ಮಕ್ಕಳು ಪುಣೆ, ಹೈದರಾಬಾದು, ಬೆಂಗಳೂರು ಸೇರಿದರು. ವಾರಸುದಾರರ ದಾವೆಗಳು ನ್ಯಾಯಾಲಯದಲ್ಲಿ ಉಳಿದವು. ಬೀಗ ಬಿದ್ದ ಮನೆಗೆ ಮೊದಲು ಬಾವಲಿ ಬಂದಿತು, ಅನಂತರ ವದಂತಿ ಬಂದಿತು.

ನಾನು ಸೇವೆಯಲ್ಲಿದ್ದಾಗ ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇಂತಹ ವಾಡೆಯ ಹಕ್ಕಿನ ತಕರಾರಿಗಾಗಿ ಸ್ಥಳಪರಿಶೀಲನೆಗೆ ಹೋಗಬೇಕಾಯಿತು. ಜೊತೆಗಿದ್ದ ತಳವಾರ ಅಗಸೆಬಾಗಿಲಲ್ಲೇ ನಿಂತು, “ಸಾಹೇಬ್ರ, ಹೊತ್ತು ಮುಳುಗೂದ್ರಾಗ ಹೊರಗ ಬಂದ್ಬಿಡ್ರಿ” ಎಂದ. ಪಂಚನಾಮೆ ಮುಗಿಯುವಾಗ ರಾತ್ರಿ ಎಂಟಾಗಿತ್ತು. ಪಡಸಾಲೆಯ ಒಂದು ಹಾಸುಗಲ್ಲು ಕಾಲಿಟ್ಟರೆ ಟೊಳ್ಳು ಸದ್ದು ಮಾಡುತ್ತಿತ್ತು. ಅದರಡಿ ಹೊನ್ನಿನ ಕೊಪ್ಪರಿಗೆಯಿದೆ, ಅದನ್ನು ದೆವ್ವ ಕಾಯುತ್ತಿದೆ, ಹಿಂದೊಮ್ಮೆ ಇಳಿದವನು ಮೇಲೆ ಬರಲಿಲ್ಲ ಎಂದು ಊರವರು ಹೇಳಿದರು. ಕಲ್ಲೆತ್ತಿಸಿದಾಗ ಕಂಡದ್ದು ಜೋಳ ತುಂಬಿಡುತ್ತಿದ್ದ ಹಗೇವು. ಮುಚ್ಚಿದ ಹಗೇವಿನಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿ ಇಳಿದವರು ಉಸಿರುಗಟ್ಟಿ ಸಾಯುವುದು ನಮ್ಮ ಕಡೆಯ ರೈತರಿಗೆ ತಿಳಿಯದ ವಿಷಯವಲ್ಲ. ಅಟ್ಟದ ಮೇಲಿನ ಚೀತ್ಕಾರ ಬಿಳಿಮುಖದ ಕಣಜಗೂಬೆಯದಾಗಿತ್ತು. ಆದರೆ ಹಿತ್ತಲಿನಲ್ಲಿ ಹೊಸದಾಗಿ ಅಗೆದ ಒಂದು ಗುಂಡಿಯಿತ್ತು. ಅದರ ಸುತ್ತ ಬಾಡಿದ ಲಿಂಬೆಹಣ್ಣು, ಕುಂಕುಮ, ಸುಟ್ಟ ಕರ್ಪೂರದ ಗುರುತುಗಳಿದ್ದವು. ದೆವ್ವದ ಕಥೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಆ ವಾಡೆಯನ್ನು ಕಾಲುಬೆಲೆಗೆ ಕೇಳುತ್ತಿದ್ದವರೇ ಎಂಬುದು ಮರುದಿನ ಕಾಗದಪತ್ರ ನೋಡುವಾಗ ತಿಳಿಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದರಿಂದ ಕಂಡುಕೊಂಡದ್ದು ಇಷ್ಟು: ದೆವ್ವವೆಂಬ ನಂಬಿಕೆಯಿಂದ ಸದಾ ಯಾರಿಗಾದರೂ ಲಾಭವಿರುತ್ತದೆ, ಯಾರಿಗಾದರೂ ನಷ್ಟವಿರುತ್ತದೆ. ಆಸ್ತಿಯ ಬೆಲೆ ಇಳಿಸಲು, ಅಕ್ರಮ ಸ್ವಾಧೀನವನ್ನು ಮರೆಮಾಚಲು, ರಾತ್ರಿಯ ಅಗೆತಕ್ಕೆ ಸಾಕ್ಷಿಗಳಿಲ್ಲದಂತೆ ಮಾಡಲು ಅದಕ್ಕಿಂತ ಅಗ್ಗದ ಸಾಧನವಿಲ್ಲ.

ಹಾಗೆಂದು ದೆವ್ವದಿಂದ ಒಳಿತೇ ಆಗಿಲ್ಲವೆಂದರೆ ಅನ್ಯಾಯವಾದೀತು. ಗಂಗಾವತಿಯ ಬಳಿಯ ಹಿರೇಬೆಣಕಲ್ ಬೆಟ್ಟದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಸುಮಾರು 400 ಬೃಹತ್ ಶಿಲಾ ಸಮಾಧಿಗಳೂ ಕಲ್ಗೋಣೆಗಳೂ ಇವೆ. ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎದುರಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದ ಈ ಕೋಣೆಗಳನ್ನು ಜನ ‘ಮೋರೇರ ಮನೆ’ ಎನ್ನುತ್ತಾರೆ. ಮೋರೇರೆಂಬ ಕುಳ್ಳ ಜನ ಅಲ್ಲಿ ವಾಸವಾಗಿದ್ದರೆಂಬುದು ಐತಿಹ್ಯ. ಸತ್ತವರ ಮನೆಗಳನ್ನು ಬದುಕಿರುವವರು ಮುಟ್ಟಬಾರದೆಂಬ ಅಂಜಿಕೆ, ಬೆಟ್ಟದ ದುರ್ಗಮತೆಯೊಡನೆ ಸೇರಿ, ಶತಮಾನಗಳ ಕಾಲ ಅವನ್ನು ಕಾದಿತು. ಆ ಕಾವಲಿಗೆ ಸಂಬಳವಿರಲಿಲ್ಲ, ಪಿಂಚಣಿಯಿರಲಿಲ್ಲ. 2021ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ತಾಣ ಸೇರಿದಾಗ, ನಮ್ಮ ಇಲಾಖೆಗಳಷ್ಟೇ ಶ್ರೇಯಸ್ಸು ಆ ಅಂಜಿಕೆಗೂ ಸಲ್ಲಬೇಕಿತ್ತು.

ಆದರೆ ಆ ಬಿಟ್ಟಿ ಕಾವಲುಗಾರನ ಕಾಲ ಮುಗಿದಿದೆ. ಇದಕ್ಕೆ 2019ರ ಜುಲೈಗಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಆನೆಗೊಂದಿಯ ಪಕ್ಕದಲ್ಲಿ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿ ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಸಮಾಧಿಗಳಿವೆ. ಅವುಗಳಲ್ಲಿ ವಿಜಯನಗರದ ಅರಸರಿಗೆ ಗುರುವಾಗಿದ್ದು 1539ರಲ್ಲಿ ನಿಧನರಾದ ವ್ಯಾಸರಾಜರ ಬೃಂದಾವನವನ್ನು ಆ ತಿಂಗಳ ಒಂದು ರಾತ್ರಿ ದುಷ್ಕರ್ಮಿಗಳು ಒಡೆದು, ಅಡಿಪಾಯದವರೆಗೆ ಅಗೆದರು. ಜುಲೈ 18ರ ಬೆಳಿಗ್ಗೆ ಭಕ್ತರು ಕಂಡದ್ದು ಚೆಲ್ಲಾಪಿಲ್ಲಿಯಾದ ಕಲ್ಲುಗಳನ್ನು. ಭಕ್ತರು ಕೂಡಲೇ ಸೇರಿ ಬೃಂದಾವನವನ್ನು ಮತ್ತೆ ಕಟ್ಟಿದರು. ಪೊಲೀಸರು ಕೆಲವೇ ದಿನಗಳಲ್ಲಿ ನೆರೆಯ ಆಂಧ್ರಪ್ರದೇಶದ ತಂಡವೊಂದನ್ನು ಬಂಧಿಸಿದರು. ಅವರನ್ನು ಅಲ್ಲಿಗೆ ತಂದದ್ದು ನಿಧಿಯ ಆಸೆ. ಸನ್ಯಾಸಿಯ ಸಮಾಧಿಯಲ್ಲಿ ಬಂಗಾರ ಹುಡುಕಿದವರಿಗೆ ನಡುಗಡ್ಡೆಯ ಕತ್ತಲೆಯಾಗಲಿ, ಸತ್ತವರ ಭಯವಾಗಲಿ ಅಡ್ಡಿಯಾಗಲಿಲ್ಲ. ಭಯಪಡುವವರೆಲ್ಲ ಮನೆಯಲ್ಲಿದ್ದರು ಎಂಬುದೇ ಅವರಿಗೆ ಅನುಕೂಲವಾಯಿತು.

ದೆವ್ವದ ನಂಬಿಕೆಯು ಸಜ್ಜನರನ್ನು ದೂರವಿಡುತ್ತದೆ, ಕಳ್ಳರನ್ನಲ್ಲ. ದೆವ್ವದ ಪ್ರವಾಸವನ್ನು ನಾನು ವಿರೋಧಿಸುವುದಕ್ಕೆ ಮೊದಲ ಕಾರಣ ಇದು. ಇಂತಹ ತಾಣ ‘ದೆವ್ವದ ತಾಣ’ವೆಂದು ಪ್ರಚಾರವಾದಷ್ಟೂ ಆ ನಂಬಿಕೆ ಬಲಿಯುತ್ತದೆ; ದೆವ್ವವಿರುವಲ್ಲಿ ನಿಧಿಯಿರುತ್ತದೆ ಎಂಬ ಅದರ ಜೋಡಿ ನಂಬಿಕೆಯೂ ಬಲಿಯುತ್ತದೆ. ನಮ್ಮ ಜನಪದದಲ್ಲಿ ಈ ಎರಡನ್ನು ಬೇರ್ಪಡಿಸುವುದು ಸಾಧ್ಯವಿಲ್ಲ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಇಂಗ್ಲೆಂಡಿನ ದೆವ್ವ ಬೆಳಗಾದೊಡನೆ ಬಂಗಲೆಯಲ್ಲೇ ಉಳಿಯುತ್ತದೆ. ನಮ್ಮ ದೆವ್ವ ಮನುಷ್ಯರ, ಅದರಲ್ಲೂ ಹೆಣ್ಣುಮಕ್ಕಳ, ಮೈಮೇಲೆ ಬರುತ್ತದೆ. ‘ಗಾಳಿ ಸೋಕಿದೆ’ ಎಂದು ಬೇವಿನ ಬರಲು, ಚಾಟಿಗಳಿಂದ ಹೊಡೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ವೈದ್ಯರು ಇಲ್ಲವೇ ಸಾಂತ್ವನ. 2017ರಲ್ಲಿ ಅಂಗೀಕಾರಗೊಂಡು 2020ರಲ್ಲಿ ಜಾರಿಗೆ ಬಂದ ರಾಜ್ಯದ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ನಿರ್ಮೂಲನೆ ಅಧಿನಿಯಮವು ದೆವ್ವ ಬಿಡಿಸುವ ನೆಪದ ಹಿಂಸೆಯನ್ನೂ, ನಿಧಿಯ ಆಸೆಗೆ ನಡೆಸುವ ಅಮಾನವೀಯ ವಾಮಾಚಾರವನ್ನೂ ಅಪರಾಧವೆಂದು ಪರಿಗಣಿಸಿದೆ. ಶಾಸಕಾಂಗ ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟದ್ದು ಆಕಸ್ಮಿಕವಲ್ಲ. ಒಂದು ಕೈಯಲ್ಲಿ ಈ ಕಾನೂನು ಹಿಡಿದು, ಇನ್ನೊಂದು ಕೈಯಲ್ಲಿ ದೆವ್ವದ ಟಿಕೆಟ್ಟು ಮಾರುವುದು ಸರ್ಕಾರಕ್ಕೆ ಶೋಭಿಸದು.

ರಾತ್ರಿ ಕಳೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ರಾತ್ರಿಗಳಲ್ಲಿ ಹಲವು ಬಗೆಗಳಿವೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದಾಗ, ಹೋಗಿ ನೋಡು, ಪ್ರಶ್ನಿಸು ಎಂಬ ಪರಂಪರೆಯೊಂದು ನಮ್ಮಲ್ಲಿ ಬಲಗೊಂಡಿತು. 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿಬ್ಬಾಣದ ದಿನ, ಆಗಿನ ಸಚಿವ ಸತೀಶ ಜಾರಕಿಹೊಳಿಯವರು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಊಟ ಮಾಡಿ, ಅಲ್ಲೇ ರಾತ್ರಿ ಕಳೆದರು. ಅವರ ರಾಜಕೀಯವನ್ನು ಒಪ್ಪದವರೂ ಆ ರಾತ್ರಿಯ ಅರ್ಥವನ್ನು ಒಪ್ಪಬಹುದು. ಭಯ ಹುಟ್ಟಿಸಿ ರೋಮಾಂಚನ ಮಾರುವುದು ಒಂದು ಬಗೆಯಾದರೆ, ಭಯ ಕಳೆದು ಜಾಗವನ್ನು ಜನರಿಗೆ ಮರಳಿಸುವುದು ಇನ್ನೊಂದು ಬಗೆ. ನಮಗೆ ಬೇಕಾಗಿರುವುದು ಎರಡನೆಯದು.

ಕೊಪ್ಪಳ ಜಿಲ್ಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಂರಕ್ಷಿತ ಸ್ಮಾರಕಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿರಬೇಕೆಂಬುದು 1959ರ ಕೇಂದ್ರ ನಿಯಮ. ಆದರೆ 2019ರಲ್ಲಿ ಕೇಂದ್ರ ಸರ್ಕಾರವೇ ವಿಜಯಪುರದ ಗೋಳಗುಮ್ಮಟ, ಪಟ್ಟದಕಲ್ಲು ಸೇರಿದಂತೆ ದೇಶದ ಹತ್ತು ತಾಣಗಳನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡಲು ನಿರ್ಧರಿಸಿತು. ಚಾಲುಕ್ಯ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯವನ್ನು ಹುಣ್ಣಿಮೆಯ ರಾತ್ರಿಗಳಲ್ಲಾದರೂ ಕಾವಲಿನೊಂದಿಗೆ ಹೀಗೆ ತೆರೆಯಬಾರದೇಕೆ? ಕೊಪ್ಪಳದ ಕೋಟೆಯಲ್ಲಿ ಸಂಜೆಯ ನಡಿಗೆ ಏರ್ಪಡಿಸಬಾರದೇಕೆ? ಟಿಪ್ಪು ಸುಲ್ತಾನನು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ, 1790ರಲ್ಲಿ ಬ್ರಿಟಿಷ್ ಮತ್ತು ನಿಜಾಮರ ಸೇನೆಗಳು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಕೋಟೆಯದು. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗೆಯ ಕೆಂಚನಗೌಡ ಮತ್ತವರ ಸಂಗಡಿಗರು ಬ್ರಿಟಿಷರ ವಿರುದ್ಧ ಹೋರಾಡಿ ಪ್ರಾಣ ಕೊಟ್ಟದ್ದೂ ಅಲ್ಲಿಯೇ. ಆ ಕೋಟೆಯಲ್ಲಿ ಸತ್ತವರನ್ನು ಹುಡುಕಬಯಸುವವರಿಗೆ ಕಾಲ್ಪನಿಕ ದೆವ್ವದ ಅಗತ್ಯವಿಲ್ಲ. ಹೆಸರು, ಊರು, ಕಾರಣಗಳಿರುವ ಸತ್ತವರೇ ಅಲ್ಲಿದ್ದಾರೆ.

ಆಡಳಿತ ಮಾಡಬೇಕಾದದ್ದು ದೊಡ್ಡ ವೆಚ್ಚದ ಕೆಲಸವೇನಲ್ಲ. ಮೊದಲನೆಯದಾಗಿ, ನಾಲ್ಕು ಹಳೆಯ ತಾಲ್ಲೂಕುಗಳ ವಾಡೆ, ಹುಡೇವು, ಹಾಳುಗುಡಿಗಳ ಪಟ್ಟಿಯನ್ನು ಕಂದಾಯ ದಾಖಲೆಗಳ ಆಧಾರದಲ್ಲಿ ತಯಾರಿಸಿ, ಒಡೆತನದ ವ್ಯಾಜ್ಯವಿರುವವುಗಳನ್ನು ಗುರುತಿಸಬೇಕು. ಒಡೆಯನಿಲ್ಲದ ಕಟ್ಟಡವೇ ವದಂತಿಯ ತವರು. ಎರಡನೆಯದಾಗಿ, ಹಿರೇಬೆಣಕಲ್ ಮತ್ತು ಆನೆಗೊಂದಿಯಂತಹ ಕಡೆ ಆಯಾ ಊರಿನ ಯುವಕರನ್ನೇ ತರಬೇತಿ ನೀಡಿ, ನಿಯಮಿತ ವೇತನದ ರಾತ್ರಿ ಕಾವಲುಗಾರರನ್ನಾಗಿ ಹಾಗೂ ಹಗಲಿನ ಮಾರ್ಗದರ್ಶಕರನ್ನಾಗಿ ನೇಮಿಸಬೇಕು. ಮೂರನೆಯದಾಗಿ, ನೆಲದಲ್ಲಿ ದೊರೆತ ನಿಧಿಯ ವಿಷಯವನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕೆಂಬ ಕಾನೂನನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು. ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಗುವುದು ಮೂಳೆ ಮತ್ತು ಮಡಕೆಯ ಚೂರೇ ಹೊರತು ಬಂಗಾರದ ಕೊಪ್ಪರಿಗೆಯಲ್ಲ ಎಂಬ ಒಂದು ಸಾಲನ್ನೂ ಸೇರಿಸಬೇಕು.

ದೆವ್ವವಿದೆಯೇ ಇಲ್ಲವೇ ಎಂಬ ಚರ್ಚೆ ಕಟ್ಟೆಯ ಮೇಲೆ ನಡೆಯುತ್ತಲೇ ಇರಲಿ. ಅದು ಯಾರಿಗೂ ಹಾನಿ ಮಾಡದು. ಆದರೆ ಸಾರ್ವಜನಿಕ ಆಸ್ತಿಯನ್ನು ಸಂಜೆ ಆರರ ನಂತರ ದೆವ್ವದ ಸುಪರ್ದಿಗೆ ಬಿಟ್ಟು ಬರುವ ಪದ್ಧತಿಗೆ ಕೊನೆ ಹೇಳಲೇಬೇಕು. ಹಗಲಿನಲ್ಲಿ ನಮ್ಮದಾಗಿರುವ ಪರಂಪರೆ ರಾತ್ರಿಯೂ ನಮ್ಮದಾಗಿರಬೇಕಾದರೆ, ಅಲ್ಲಿ ಉರಿಯುವ ಒಂದು ದೀಪ ಬೇಕು. ಆ ದೀಪದ ಬಳಿ ಸಂಬಳ ಪಡೆದು ಎಚ್ಚರವಿರುವ ಒಬ್ಬ ಮನುಷ್ಯ ಬೇಕು.