ಕಣ್ಣಳತೆಯ ಮದ್ದು

ಕೀಳಲು ಬಂದ ಶೇಂಗಾ ಹೊಲವನ್ನು ಕಾಡುಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಬಗೆದುಹಾಕಿದಾಗ ರೈತನಿಗೆ ಬರುವ ಸಿಟ್ಟು ನ್ಯಾಯವಾದದ್ದೇ. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಗುಡ್ಡದಂಚಿನ ಹೊಲಗಳಿಗೆ ಈ ಸಂಕಟ ಹೊಸದಲ್ಲ. ಆದರೆ ಆ ಸಿಟ್ಟಿನಲ್ಲಿ ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಲು ಕಲಿಯಹೊರಡುವುದು ಬೆಳೆ ಉಳಿಸುವ ದಾರಿಯಲ್ಲ.

ಈ ಕೆಲಸದಲ್ಲಿ ಮದ್ದಿನ ತೂಕವನ್ನು ‘ಗ್ರೇನ್’ ಲೆಕ್ಕದಲ್ಲಿ ಹಿಡಿಯುತ್ತಾರೆ. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಅಂದರೆ ಕಂಪ್ಲಿಯ ಗದ್ದೆಯ ಮೂರ್ನಾಲ್ಕು ಭತ್ತದ ಕಾಳಿನ ತೂಕ. ವಿದೇಶಗಳಲ್ಲಿ ಇದನ್ನು ಹವ್ಯಾಸವಾಗಿಸಿಕೊಂಡವರು ಸೂಕ್ಷ್ಮ ತಕ್ಕಡಿಯನ್ನೂ ತಯಾರಕರ ಕೋಷ್ಟಕವನ್ನೂ ಬಿಟ್ಟು ಕದಲುವುದಿಲ್ಲ. ಕಣ್ಣಳತೆಯಲ್ಲಿ ತುಂಬುವ ಹೊಸಬನಿಗೆ ಒಂದೇ ತೋಟಾಕ್ಕೆ ಎರಡು ಸಲ ಮದ್ದು ಬಿದ್ದರೂ ಅರಿವಾಗದು. ಅರಿವಾಗುವುದು ನಳಿಗೆ ಸಿಡಿದಾಗ. ಕಪ್ಪು ಮದ್ದು ಹೊತ್ತಲು ಒಂದು ಕಿಡಿ ಸಾಕು. ಒಲೆ, ಬೀಡಿ, ಮಕ್ಕಳ ಕುತೂಹಲ ಇವೆಲ್ಲ ಇರುವ ಮನೆ ಅದಕ್ಕೆ ತಕ್ಕ ಸ್ಥಳವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡಿನ ತಯಾರಿಕೆಗೆ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿಯೊಂದರಿಂದಲೇ ಆ ಹಕ್ಕು ಬಾರದು.

ಮನೆಗೆ ಬಂದ ಮದ್ದು ತೋಟಾದಲ್ಲೇ ಉಳಿಯುವುದೂ ಇಲ್ಲ. ಅದೇ ಕೈ ನಾಳೆ ಹಂದಿಗೆಂದು ಸಿಡಿಮದ್ದಿನ ಉಂಡೆ ಕಟ್ಟಬಹುದು. ಆ ಉಂಡೆಗೆ ಹಂದಿ ಯಾವುದು, ಎಮ್ಮೆ ಯಾವುದು ಎಂಬ ಭೇದ ತಿಳಿಯದು. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸ್ಫೋಟಕ ಕಚ್ಚಿ ದವಡೆ ಛಿದ್ರವಾದ ಬಸುರಿ ಆನೆ ನದಿಯಲ್ಲಿ ನಿಂತೇ ಸತ್ತಿತು. ಹಂಪಿಗೆ ಸಮೀಪದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಬಂಡೆಗಳ ಸಂದಿನಿಂದ ಸಂಜೆ ಇಳಿದು ಬರುವ ಕರಡಿ, ಮೂಗಿಗೆ ವಾಸನೆ ಬಡಿದದ್ದನ್ನೆಲ್ಲ ಬಾಯಿಗಿಟ್ಟು ನೋಡುವ ಪ್ರಾಣಿ.

ಹಾಗೆಂದು ರೈತ ಕೈಕಟ್ಟಿ ಕೂರಬೇಕಿಲ್ಲ. ಬೆಳೆಗೆ ಅಪಾಯವಾದ ಕಾಡುಹಂದಿಯ ವಿಷಯದಲ್ಲಿ ಲಿಖಿತ ಆದೇಶ ನೀಡುವ ಅಧಿಕಾರವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮು ಅರಣ್ಯಾಧಿಕಾರಿಗಳಿಗೆ ಕೊಟ್ಟಿದೆ. ನಾಲ್ಕಾರು ಹೊಲಗಳನ್ನು ಸೇರಿಸಿ ಸೌರಬೇಲಿ ಹಾಕಬಹುದು. ಅಟ್ಟಣೆಯ ಕಾವಲನ್ನು ಸರದಿಯ ಮೇಲೆ ಹಂಚಿಕೊಳ್ಳಬಹುದು. ಹಾನಿಯಾದ ದಿನವೇ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಿ, ಗ್ರಾಮಸಭೆಯಲ್ಲಿಯೂ ದಾಖಲಿಸಬೇಕು. ಇಲಾಖೆಯೂ ತನ್ನ ಪಾಲಿನ ಹೊಣೆ ಹೊರಬೇಕು: ಪರಿಹಾರ ಮುಂದಿನ ಬಿತ್ತನೆಗೆ ಮೊದಲೇ ರೈತನ ಕೈಸೇರಬೇಕು. ಅದು ತಡವಾದಷ್ಟೂ ಮದ್ದಿನ ಮಾತು ಊರಿನಲ್ಲಿ ಬಲಿಯುತ್ತದೆ.