ದೋಣಿ ಮೊದಲು, ರಾಡ್ ಆಮೇಲೆ

ನಮ್ಮ ಹಾಸ್ಟೆಲ್, ಪಿಜಿಗಳಲ್ಲಿ ಹೊಸ ಗೀಳೊಂದು ಶುರುವಾಗಿದೆ. ರಾತ್ರಿ ಹನ್ನೊಂದಾದ ಮೇಲೆ ಅಸೈನ್‌ಮೆಂಟ್ ಪಕ್ಕಕ್ಕಿಟ್ಟು ಕಯಾಕ್ ಫಿಶಿಂಗ್ ವಿಡಿಯೋ ನೋಡೋದು. ಅಮೆರಿಕದ ಪೂರ್ವ ಕರಾವಳಿ, ಒಬ್ಬನೇ ಮನುಷ್ಯ, ಒಂದು ಪುಟ್ಟ ದೋಣಿ, ಮೈಮೇಲೆ ಕಪ್ಪು ಪಟ್ಟೆಗಳಿರೋ ಸ್ಟ್ರೈಪ್ಡ್ ಬಾಸ್ ಮೀನು. ವಿಡಿಯೋ ಮುಗಿಯೋ ಹೊತ್ತಿಗೆ ಶಾಪಿಂಗ್ ಆ್ಯಪ್ ತೆರೆದಿರುತ್ತೆ. ಕುಕ್ ಟೌನ್‌ನಲ್ಲಿ ರೂಮ್ ಮಾಡಿಕೊಂಡಿರೋ ನಾವು ನಾಲ್ಕು ಜನ ಸೆಕೆಂಡ್ ಇಯರ್‌ನವರು ಈ ವಿಷಯ ಬಹಳ ದಿನ ಚರ್ಚೆ ಮಾಡಿದ್ದೀವಿ. ನಮ್ಮ ಅಭಿಪ್ರಾಯ ಇಷ್ಟೇ: ರಾಡ್, ರೀಲ್ ಆರಿಸೋದು ಶಾಪಿಂಗ್ ಅಲ್ಲ, ಡಿಸೈನ್. ಅದನ್ನ ಡಿಸೈನ್ ಥರಾನೇ ಮಾಡಬೇಕು.

ಹೆಚ್ಚಿನವರು ಮೊದಲು ನೋಡೋದು ಬ್ರ್ಯಾಂಡ್. ಆಮೇಲೆ ರೀಲಿನ ಡಬ್ಬದ ಮೇಲೆ ಬರೆದ "ಮ್ಯಾಕ್ಸ್ ಡ್ರ್ಯಾಗ್". ಕೊನೆಗೆ, ಇದನ್ನ ಎಲ್ಲಿ ಬಳಸೋದು ಅನ್ನೋ ಪ್ರಶ್ನೆ. ಈ ಕ್ರಮ ಪೂರ್ತಿ ತಿರುಗಬೇಕು. ಮೊದಲು ನೀರು, ಆಮೇಲೆ ದೋಣಿ, ಆಮೇಲೆ ಮೀನು. ಈ ಮೂರೂ ಗೊತ್ತಾದ ಮೇಲೆ ದಾರ. ದಾರಕ್ಕೆ ತಕ್ಕ ರೀಲ್, ರೀಲಿಗೆ ತಕ್ಕ ರಾಡ್.

ಡ್ರ್ಯಾಗ್ ಅಂದ್ರೆ ಏನು? ಮೀನು ಜೋರಾಗಿ ಎಳೆದಾಗ ದಾರ ಕಡಿಯದ ಹಾಗೆ ಸ್ವಲ್ಪಸ್ವಲ್ಪವೇ ಬಿಟ್ಟುಕೊಡೋ ಬ್ರೇಕು. ಮೆಷಿನ್ ಡಿಸೈನ್ ಭಾಷೆಯಲ್ಲಿ ಫ್ರಿಕ್ಷನ್ ಕ್ಲಚ್. ದಾರ ತಡೆಯೋ ಭಾರದ ಕಾಲು ಭಾಗದಿಂದ ಶೇ. 30ರವರೆಗೆ ಡ್ರ್ಯಾಗ್ ಇಡೋದು ರೂಢಿ. 30 ಪೌಂಡಿನ ದಾರ ಅಂದ್ರೆ ಸುಮಾರು 13.6 ಕೆಜಿ. ಅದಕ್ಕೆ ಮೂರೂವರೆಯಿಂದ ನಾಲ್ಕು ಕೆಜಿ ಡ್ರ್ಯಾಗ್ ಸಾಕು. ಇಷ್ಟು ಕಡಿಮೆ ಯಾಕೆ? ಮೀನು ಓಡಿದಂತೆ ಸ್ಪೂಲಿನ ಮೇಲಿನ ದಾರ ಖಾಲಿಯಾಗಿ ಅದರ ತ್ರಿಜ್ಯ ಕಡಿಮೆ ಆಗುತ್ತೆ. ಕ್ಲಚ್ಚಿನ ಟಾರ್ಕ್ ಮಾತ್ರ ಅಷ್ಟೇ ಇರುತ್ತೆ. ತ್ರಿಜ್ಯ ಅರ್ಧವಾದರೆ ದಾರದ ಮೇಲಿನ ಎಳೆತ ಎರಡು ಪಟ್ಟು: ನಾಲ್ಕು ಕೆಜಿ ಎಂಟಾಗುತ್ತೆ. ಹಾಗಿರೋವಾಗ 15 ಕೆಜಿ ಡ್ರ್ಯಾಗ್ ಅಂತ ಡಬ್ಬದ ಮೇಲೆ ಬರೆದಿದ್ದಕ್ಕೆ ಜಾಸ್ತಿ ದುಡ್ಡು ಕೊಡೋದು ಯಾಕೆ? ಆ ದುಡ್ಡನ್ನ ನುಣುಪಾಗಿ ಜಾರೋ ಡ್ರ್ಯಾಗಿಗೆ, ಉಪ್ಪುನೀರು ಒಳಗೆ ಹೋಗದ ಸೀಲಿಗೆ ಕೊಡಿ. ಕಯಾಕ್‌ನಲ್ಲಿ ರೀಲ್ ನೀರಿಗೆ ಒಂದು ಅಡಿ ಹತ್ತಿರವೇ ಇರುತ್ತೆ, ಅಲೆ ಬಂದಾಗೆಲ್ಲ ನೆನೆಯುತ್ತೆ.

ಇನ್ನು ರಾಡ್. ಉದ್ದ ಇದ್ದಷ್ಟೂ ಶಕ್ತಿ ಜಾಸ್ತಿ ಅಂತ ತುಂಬಾ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಮೀನು 40 ನ್ಯೂಟನ್ (ಅಂದಾಜು ನಾಲ್ಕು ಕೆಜಿ) ಎಳೀತಿದೆ. ಬಾಗಿದ ರಾಡಿನ ತುದಿ ನಿಮ್ಮ ಹಿಂದಿನ ಕೈಯಿಂದ ಒಂದು ಮೀಟರ್ ದೂರ ಅಂದುಕೊಳ್ಳಿ, ಮುಂದಿನ ಕೈ 40 ಸೆಂಟಿಮೀಟರ್ ದೂರ. ಮುಂದಿನ ಕೈ ಮೇಲೆ ಬೀಳೋದು 100 ನ್ಯೂಟನ್. ರಾಡ್ ಬಾಗದೆ ಆ ದೂರ ಎರಡು ಮೀಟರ್ ಆದರೆ 200 ನ್ಯೂಟನ್, ಅಂದ್ರೆ 20 ಕೆಜಿ ಅಕ್ಕಿ ಮೂಟೆ. ಈ ಸನ್ನೆಕೋಲಿನಲ್ಲಿ ಲಾಭ ಮೀನಿಗೆ, ನಮಗಲ್ಲ. ದಡದಲ್ಲಿ ನಿಂತವನಿಗೆ ಕಾಲು ಊರೋಕೆ ನೆಲ ಇದೆ. ಕಯಾಕ್‌ನಲ್ಲಿ ಕೂತವನಿಗೆ ಸೊಂಟ ಬಿಟ್ಟರೆ ಬೇರೆ ಆಧಾರ ಇಲ್ಲ.

ಹಾಗಂತ ತೀರಾ ಚಿಕ್ಕದೂ ಆಗಲ್ಲ. ಮೀನು ದೋಣಿಯ ಮೂತಿ ದಾಟಿ ಈ ಕಡೆಯಿಂದ ಆ ಕಡೆಗೆ ಓಡಿದಾಗ ರಾಡಿನ ತುದಿ ಮೂತಿಯನ್ನ ದಾಟಬೇಕು. ಅದಕ್ಕೇ ಸ್ಟ್ರೈಪ್ಡ್ ಬಾಸಿಗೆ ಕಯಾಕ್‌ನಲ್ಲಿ ಹೋಗೋರು ಸಾಮಾನ್ಯವಾಗಿ ಏಳು ಅಡಿ ಆಸುಪಾಸಿನ ಮೀಡಿಯಂ-ಹೆವಿ ರಾಡ್, 4000 ಅಥವಾ 5000 ಸೈಜಿನ ಸ್ಪಿನ್ನಿಂಗ್ ರೀಲ್, 20ರಿಂದ 30 ಪೌಂಡಿನ ಹೆಣೆದ ದಾರ ಇಟ್ಟುಕೊಳ್ತಾರೆ. ರಾಡಿನ ಹಿಂಬದಿ ಹಿಡಿ ಗಿಡ್ಡ ಇರಬೇಕು, ಇಲ್ಲದಿದ್ದರೆ ಲೈಫ್ ಜಾಕೆಟ್‌ಗೆ ಸಿಕ್ಕಿಕೊಳ್ಳುತ್ತೆ. ಕಾರ್ಬನ್ ರಾಡ್ ಹಗುರ, ಆದರೆ ಪೆಟ್ಟು ತಡೆಯಲ್ಲ, ಮೇಲಾಗಿ ವಿದ್ಯುತ್ ವಾಹಕ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಅದನ್ನ ಎತ್ತಿ ಹಿಡಿದು ನೀರಿನ ನಡುವೆ ಕೂರೋದು ಬೇಡ. ಫೈಬರ್ ಗ್ಲಾಸ್ ಭಾರ, ಆದರೆ ಒರಟು ಬಳಕೆಗೆ ಬಾಳುತ್ತೆ. ಮೊದಲ ರಾಡಿಗೆ ನಮ್ಮ ಓಟು ಫೈಬರ್ ಗ್ಲಾಸಿಗೆ.

ಈಗ ವಿಡಿಯೋಗಳು ಸರಿಯಾಗಿ ಹೇಳದ ವಿಷಯ. ಕಯಾಕ್ ತೇಲೋ ಕುರ್ಚಿ ಅಷ್ಟೇ ಅಲ್ಲ, ಅದೂ ಸಲಕರಣೆಯ ಒಂದು ಭಾಗ. ದೊಡ್ಡ ಮೀನು ಎಳೆದಾಗ ದೋಣಿಯೇ ಅದರ ಹಿಂದೆ ಸಾಗುತ್ತೆ. ಅಂದ್ರೆ ರೀಲಿನ ಕ್ಲಚ್ ಜೊತೆಗೆ ಇನ್ನೊಂದು ಕ್ಲಚ್ ಇದ್ದ ಹಾಗೆ. ಇದು ನಮ್ಮ ನಾಡಿಗೆ ಹೊಸದೇನಲ್ಲ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಯಲ್ಲಿ ಮಹಶೀರ್ ಗಾಳಕ್ಕೆ ಬಿದ್ದು ಓಡಿದಾಗ ಜನ ಹರಿಗೋಲು ಹತ್ತಿ ಅದರ ಹಿಂದೆ ಹೋಗ್ತಿದ್ದರು. ಹರಿಗೋಲು ದುಂಡಗಿದೆ, ಯಾವ ದಿಕ್ಕಿಗೆ ಎಳೆದರೂ ಒಂದೇ. ಕಯಾಕ್ ಹಾಗಲ್ಲ. ಮುಂದಕ್ಕೆ ಎಳೆದರೆ ಸಲೀಸಾಗಿ ಸಾಗುತ್ತೆ, ಪಕ್ಕಕ್ಕೆ ಎಳೆದರೆ ಮಗುಚುತ್ತೆ. ಹಾಗಾಗಿ ಮೂತಿಯನ್ನ ಮೀನಿನ ಕಡೆ ತಿರುಗಿಸಿಕೊಳ್ಳೋಕೆ ಬರೋದು ಯಾವ ರೀಲಿಗಿಂತಲೂ ಮುಖ್ಯ. ನದಿಗೆ ತಕ್ಕ ಸಲಕರಣೆ ಅನ್ನೋ ಯೋಚನೆಯೂ ಇಲ್ಲಿ ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು.

"ಎಲ್ಲಾ ಸರಿ, ಹೆವಿ ತಗೊಂಡ್ರೆ ಸೇಫ್ ಅಲ್ವಾ?" ಅಂತ ಕೇಳೋರಿದ್ದಾರೆ. "ಹಗುರ ಸಲಕರಣೆಯಲ್ಲಿ ದೊಡ್ಡ ಮೀನು ಹಿಡಿಯೋದೇ ಮಜಾ" ಅನ್ನೋರೂ ಇದ್ದಾರೆ. ಮೊದಲನೆಯದು ಮನುಷ್ಯನಿಗೆ ಅಪಾಯ, ಎರಡನೆಯದು ಮೀನಿಗೆ. ತೀರಾ ಹಗುರವಾದರೆ ಹೋರಾಟ ಉದ್ದವಾಗುತ್ತೆ, ಮೀನು ದಣಿದು ದಣಿದು ನೀರಿಗೆ ಬಿಟ್ಟ ಮೇಲೂ ಸಾಯುತ್ತೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ 2023ರಿಂದ ಹವ್ಯಾಸಿಗಳು ಸಮುದ್ರದಲ್ಲಿ 28ರಿಂದ 31 ಇಂಚಿನ ಸ್ಟ್ರೈಪ್ಡ್ ಬಾಸನ್ನ ಮಾತ್ರ ಇಟ್ಟುಕೊಳ್ಳಬಹುದು. ಉಳಿದದ್ದನ್ನ ಬಿಡಲೇಬೇಕು. ಹಾಗೆ ಬಿಟ್ಟ ಮೀನುಗಳಲ್ಲಿ ಶೇ. 9ರಷ್ಟು ಸಾಯುತ್ತವೆ ಅಂತ ಅಲ್ಲಿನ ಮೀನುಗಾರಿಕಾ ಆಯೋಗ ಲೆಕ್ಕ ಹಿಡಿಯುತ್ತೆ. ಬಿಸಿ ನೀರು, ಕಡಿಮೆ ಆಮ್ಲಜನಕ ಇದ್ದರೆ ಕಷ್ಟ ಇನ್ನೂ ಜಾಸ್ತಿ. ನಮ್ಮ ರೂಮಿಗೆ ಹತ್ತಿರದ ದೊಡ್ಡ ನೀರು ಹಲಸೂರು ಕೆರೆ. 2016ರ ಮಾರ್ಚ್‌ನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿ ನೀರಲ್ಲಿ ಆಮ್ಲಜನಕ ಇಳಿದಿತ್ತು. ಉಸಿರಾಡೋಕೇ ಕಷ್ಟ ಇರೋ ನೀರಲ್ಲಿ ಮೀನನ್ನ ಇಪ್ಪತ್ತು ನಿಮಿಷ ಎಳೆದಾಡೋದು ಆಟ ಅಲ್ಲ.

ಅದಕ್ಕೇ ನೀರು ಮೊದಲು ಅಂದಿದ್ದು. ಕಾವೇರಿ ವನ್ಯಜೀವಿಧಾಮದಲ್ಲಿ ಗಾಳ ಹಾಕೋದು 2010ರ ಸುಮಾರಿಗೆ ನಿಲ್ಲತೊಡಗಿತು, ಅಭಯಾರಣ್ಯದೊಳಗೆ ಅದೂ ಬೇಟೆಯೇ ಅನ್ನೋ ಕಾರಣಕ್ಕೆ. ಅಲ್ಲಿನ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್‌ನ ಅತಿ ಗಂಭೀರ ಅಪಾಯದ ಪಟ್ಟಿಯಲ್ಲಿದೆ. ಆ ಮೀನಿಗೆ ಅಂತ ಯಾರಾದರೂ ರಾಡ್ ಹುಡುಕ್ತಿದ್ದರೆ ದಯವಿಟ್ಟು ನಿಲ್ಲಿಸಿ. ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆದಾರರದ್ದು, ಅವರ ಹೊಟ್ಟೆಪಾಡು ಅದು. ಕೇಳದೆ ಗಾಳ ಹಾಕೋ ಹಾಗಿಲ್ಲ. ಉಳಿಯೋದು ಅನುಮತಿ ಕೊಡೋ ಖಾಸಗಿ ಕೊಳಗಳು, ಇಲ್ಲವೇ ಉಡುಪಿ, ಕಾರವಾರ ಕಡೆಯ ಅಳಿವೆಗಳು. ಅಲ್ಲಿ ಕೂಡ ಮೊದಲು ಊರಿನ ಮೀನುಗಾರರನ್ನ ಕೇಳಬೇಕು. ಅವರಿಗೆ ಗೊತ್ತಿರೋದು ಯಾವ ವಿಡಿಯೋದಲ್ಲೂ ಸಿಗಲ್ಲ.

ನಮ್ಮ ಸಲಹೆ ಇದು. ಒಬ್ಬೊಬ್ಬರೇ ಸಾಲ ಮಾಡಿ ರಾಡ್ ತಗೊಳ್ಳೋ ಬದಲು ಕಾಲೇಜಿನ ಅಡ್ವೆಂಚರ್ ಕ್ಲಬ್ ಎರಡು ಸೆಟ್ ಇಟ್ಟುಕೊಳ್ಳಲಿ. ಮೊದಲ ಬಿಲ್ ಲೈಫ್ ಜಾಕೆಟ್‌ಗಳದ್ದು ಆಗಲಿ, ಎರಡನೆಯದು ರಾಡನ್ನ ದೋಣಿಗೆ ಕಟ್ಟೋ ಹಗ್ಗದ್ದು. ರೀಲಿನ ಬಿಲ್ ಮೂರನೆಯದು. ಗಾಳ ಹಿಡಿಯೋ ಮೊದಲು ಎಲ್ಲರೂ ಮಗುಚಿದ ಕಯಾಕನ್ನ ಮತ್ತೆ ಹತ್ತೋದನ್ನ ಈಜುಕೊಳದಲ್ಲೇ ಕಲಿಯಲಿ. ಈ ಸೆಮಿಸ್ಟರ್ ರಜೆಗೆ ಮುಂಚೆ ಕ್ಲಬ್ಬಿಗೆ ಪತ್ರ ಕೊಡ್ತಿದ್ದೀವಿ. ಸಹಿ ಹಾಕೋರು ಕನ್ನಡ ಸಂಘದ ರೂಮಿಗೆ ಬನ್ನಿ.