ಮ್ಯಾಂಚೆಸ್ಟರಿನ ಜರ್ಮನ್ ಗೋಲ್‌ಕೀಪರ್

೧೯೪೯ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಹಸ್ರಾರು ಜನ ಪ್ರತಿಭಟನೆಗಾಗಿ ಬೀದಿಗಿಳಿದರು. ಕಾರಣ, ಒಬ್ಬ ಜರ್ಮನ್ ತರುಣ. ಹಿಟ್ಲರನ ಸೇನೆಯಲ್ಲಿ ಪ್ಯಾರಾಚೂಟ್ ಸೈನಿಕನಾಗಿ ಕಾದಾಡಿ 'ಐರನ್ ಕ್ರಾಸ್' ಪದಕ ಧರಿಸಿದ್ದ ಬರ್ಟ್ ಟ್ರೌಟ್‌ಮನ್ ತಮ್ಮ 'ಮ್ಯಾಂಚೆಸ್ಟರ್ ಸಿಟಿ' ತಂಡದ ಗೋಲನ್ನು ಕಾಯುವುದೇ? ೧೯೪೦ರ ಜರ್ಮನ್ ಬಾಂಬುದಾಳಿಯನ್ನು ಆ ನಗರ ಮರೆತಿರಲಿಲ್ಲ.

ಬ್ರೆಮೆನ್ ಪಟ್ಟಣದ ಟ್ರೌಟ್‌ಮನ್ ಇಂಗ್ಲೆಂಡಿಗೆ ಬಂದದ್ದು ಯುದ್ಧಕೈದಿಯಾಗಿ. ಸೆರೆಶಿಬಿರದ ಆಟವೊಂದರಲ್ಲಿ ಪೆಟ್ಟು ತಿಂದು, ಗೋಲ್‌ಕೀಪರನೊಡನೆ ಸ್ಥಾನ ಬದಲಿಸಿಕೊಂಡದ್ದೇ ಆತನ ಭಾಗ್ಯದ ಬಾಗಿಲನ್ನು ತೆರೆಯಿತು. ೧೯೪೮ರಲ್ಲಿ ತಾಯ್ನಾಡಿಗೆ ಮರಳುವ ಅವಕಾಶ ದೊರೆತರೂ ಆತ ಇಂಗ್ಲೆಂಡಿನಲ್ಲಿಯೇ ನೆಲೆಸಿದ.

ಜನರ ಕೋಪ ತಾರಕಕ್ಕೇರಿದಾಗ ನಗರದ ಯೆಹೂದಿ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್ ಅವರು ಬಹಿರಂಗ ಪತ್ರ ಬರೆದರು. ೧೯೩೮ರಲ್ಲಿ ನಾಜಿಗಳ ಜರ್ಮನಿಯನ್ನು ತೊರೆದು ಬಂದಿದ್ದ ಅವರಿಗಿಂತ ಮಿಗಿಲಾಗಿ ದೂರುವ ಹಕ್ಕು ಯಾರಿಗಿದ್ದೀತು? ಆದರೂ, ದೇಶದ ಪಾಪಕ್ಕೆ ಒಬ್ಬ ವ್ಯಕ್ತಿಯನ್ನು ದಂಡಿಸುವುದು ಸಲ್ಲದೆಂದೇ ಅವರು ವಾದಿಸಿದರು. ಪ್ರತಿಭಟನೆಯ ಕಾವು ಮೆಲ್ಲಮೆಲ್ಲನೆ ಇಳಿಯಿತು.

ಉಳಿದುದನ್ನು ಟ್ರೌಟ್‌ಮನ್‌ನ ಕೈಗಳೇ ಸಾಧಿಸಿದವು. ಹಿಡಿದ ಚೆಂಡನ್ನು ಸುಮ್ಮನೆ ಒದ್ದು ಕಳುಹಿಸುವ ಬದಲು, ದೂರದಲ್ಲಿದ್ದ ಸಂಗಾತಿಗೆ ಗುರಿಯಿಟ್ಟು ಎಸೆದು ದಾಳಿಗೆ ಮೊದಲಿಡುವುದು ಆತನ ಕ್ರಮ. ೧೯೫೦ರಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ಮೈದಾನದಲ್ಲಿ ಮೂದಲಿಕೆಯಿಂದಲೇ ಬರಮಾಡಿಕೊಂಡ ಪ್ರೇಕ್ಷಕರು, ಆಟ ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂದು ಸೋತದ್ದು ಸಿಟಿ ತಂಡವೇ!

೧೯೫೬ರಲ್ಲಿ ಆತ ಇಂಗ್ಲೆಂಡಿನ 'ವರ್ಷದ ಆಟಗಾರ'ನೆನಿಸಿದ. ಆ ಗೌರವ ಪಡೆದ ಮೊದಲ ಗೋಲ್‌ಕೀಪರ್ ಆತನೇ. ಅದೇ ಮೇ ೫ರಂದು ವೆಂಬ್ಲಿಯಲ್ಲಿ ಎಫ್. ಎ. ಕಪ್ಪಿನ ಅಂತಿಮ ಪಂದ್ಯ. ಸಿಟಿ ೩–೧ರಿಂದ ಮುಂದಿತ್ತು. ಕೊನೆಗೆ ಸುಮಾರು ಹದಿನೇಳು ನಿಮಿಷಗಳು ಉಳಿದಿದ್ದವು. ಬರ್ಮಿಂಗ್‌ಹ್ಯಾಮಿನ ಪೀಟರ್ ಮರ್ಫಿಯ ಕಾಲಬಳಿ ಚೆಂಡಿಗಾಗಿ ಟ್ರೌಟ್‌ಮನ್ ಧುಮುಕಿದಾಗ ಆತನ ಮೊಣಕಾಲು ಕತ್ತಿಗೆ ಬಡಿಯಿತು. ಬದಲಿ ಆಟಗಾರನನ್ನಿಳಿಸುವ ನಿಯಮ ಆಗ ಇರಲಿಲ್ಲ. ಕಣ್ಣು ಮಂಜಾಗಿ ತೂರಾಡುತ್ತಲೇ ಎದ್ದ ಟ್ರೌಟ್‌ಮನ್ ಮತ್ತೆ ಮತ್ತೆ ಗೋಲನ್ನು ಕಾದ. ಪದಕ ಸ್ವೀಕರಿಸುವಾಗ ಕತ್ತು ಓರೆಯಾಗಿತ್ತು. ಕೆಲವು ದಿನಗಳ ಅನಂತರ ತೆಗೆದ ಎಕ್ಸ್‌ರೇ ಚಿತ್ರ ವೈದ್ಯರನ್ನು ಬೆರಗುಗೊಳಿಸಿತು: ಕತ್ತಿನ ಎರಡನೆಯ ಮೂಳೆ ಎರಡಾಗಿ ಸೀಳಿತ್ತು. ಮೂರನೆಯ ಮೂಳೆ ಅದಕ್ಕೆ ಆತುಕೊಂಡಿದ್ದರಿಂದಲೇ ಜೀವ ಉಳಿದಿತ್ತು.

ಕೆಲವೇ ವಾರಗಳಲ್ಲಿ ಐದು ವರ್ಷದ ಮಗ ಮೋಟಾರು ಅಪಘಾತದಲ್ಲಿ ತೀರಿಕೊಂಡ. ಕತ್ತಿನ ಮೂಳೆ ಕೂಡಿಕೊಂಡಿತು. ಈ ಗಾಯ ಮಾತ್ರ ಮಾಯಲಿಲ್ಲ.

ಟ್ರೌಟ್‌ಮನ್ ಪಶ್ಚಿಮ ಜರ್ಮನಿಯ ಪರವಾಗಿ ಎಂದೂ ಆಡಲಿಲ್ಲ. ಸ್ವದೇಶದಲ್ಲಿ ಆಡುವವರನ್ನು ಮಾತ್ರ ಆರಿಸುವುದು ಅಲ್ಲಿನ ತರಬೇತುದಾರ ಹೆರ್ಬರ್ಗರ್ ಅವರ ನಿಲುವಾಗಿತ್ತು. ಸಿಟಿಗಾಗಿ ೫೪೫ ಪಂದ್ಯಗಳನ್ನಾಡಿದ ಆತನಿಗೆ ೧೯೬೪ರ ಏಪ್ರಿಲಿನಲ್ಲಿ ಬೀಳ್ಕೊಡುಗೆಯ ಪಂದ್ಯ ನಡೆಯಿತು. ಒಂದು ಕಾಲಕ್ಕೆ ಆತನನ್ನು ಹೊರಗಟ್ಟಿರೆಂದು ಕೂಗಿದ ಊರಿನಲ್ಲಿ, ಅಂದು ನಲವತ್ತು ಸಾವಿರಕ್ಕೂ ಮಿಕ್ಕ ಜನ ಟಿಕೆಟು ಕೊಂಡು ಮೈದಾನದಲ್ಲಿ ಕಿಕ್ಕಿರಿದಿದ್ದರು.